ಒರ್ಖೋನ್ ಕಣಿವೆಯಲ್ಲೊಂದು ಮಳೆಯ ದಿನ



ಮಂಗೋಲಿಯಾ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಚಂಗೀಸಖಾನನ ಹೆಸರು, ಅವನ ಕುದುರೆಗಳ ಖುರಪುಟದಿಂದೆದ್ದ ಧೂಳು, ಸುಟ್ಟುಹೋದ ಊರುಗಳ ಕಥೆ. ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳಿದವನು. ನಮ್ಮ ಪಠ್ಯಪುಸ್ತಕಗಳು ಆ ದೇಶವನ್ನು ಎರಡು ಪುಟಗಳಲ್ಲಿ ಮುಗಿಸಿಬಿಡುತ್ತಿದ್ದವು. ಹೀಗಾಗಿ ನಿವೃತ್ತಿಯ ನಂತರ ನಾವು ಐದಾರು ಮಂದಿ ಹಳೆಯ ಸಹೋದ್ಯೋಗಿಗಳು ಕೂಡಿ 2024ರ ಆಗಸ್ಟ್ ತಿಂಗಳಲ್ಲಿ ಅಲ್ಲಿಗೆ ಹೊರಟಾಗ ಬಂಧುಬಳಗದವರೆಲ್ಲ, ‘ಕಾಶಿ ಇಲ್ಲ, ಕೇದಾರ ಇಲ್ಲ, ಅಲ್ಲಿ ಏನು ನೋಡುವುದಿದೆ?’ ಎಂದೇ ಕೇಳಿದರು. ಹತ್ತು ದಿನಗಳ ಆ ಪ್ರವಾಸದ ಸಮಗ್ರ ವೃತ್ತಾಂತವನ್ನು ಹೇಳಿ ತಮ್ಮನ್ನು ದಣಿಸುವ ಇಚ್ಛೆ ನನಗಿಲ್ಲ. ನಸುಕಿನಿಂದ ರಾತ್ರಿಯವರೆಗೆ ಎಡೆಬಿಡದೆ ಮಳೆ ಸುರಿದ ಒಂದೇ ಒಂದು ದಿನದ ಸಂಗತಿಯನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ಆ ದೇಶದ ವಿಸ್ತಾರ 15.64 ಲಕ್ಷ ಚದರ ಕಿಲೋಮೀಟರು. ಎಂದರೆ ನಮ್ಮ ಕರ್ನಾಟಕದಂತಹ ಎಂಟು ರಾಜ್ಯಗಳು ಅದರಲ್ಲಿ ಹಿಡಿಯುತ್ತವೆ. ಜನಸಂಖ್ಯೆ ಮಾತ್ರ ಸುಮಾರು 35 ಲಕ್ಷ. ಅದರಲ್ಲಿಯೂ ಸರಿಸುಮಾರು ಅರ್ಧದಷ್ಟು ಜನ ರಾಜಧಾನಿಯಾದ ಉಲಾನ್‌ಬಾತರ್ ನಗರವೊಂದರಲ್ಲಿಯೇ ಇದ್ದಾರೆ. ಉಳಿದದ್ದು ಹುಲ್ಲು, ಗುಡ್ಡ, ಮರಳು ಮತ್ತು ಆಕಾಶ. ವರ್ಷದ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳಲ್ಲಿಯೇ ಬೀಳುತ್ತದೆ, ಅದೂ ಸ್ವಲ್ಪವೇ. ಆದುದರಿಂದ ಅಲ್ಲಿ ಮಳೆಯನ್ನು ಯಾರೂ ಶಪಿಸುವುದಿಲ್ಲ. ನಾವು ಕೊಡೆ ಬಿಚ್ಚುತ್ತ ಮುಖ ಸಿಂಡರಿಸಿಕೊಂಡಾಗ ನಮ್ಮ ಮಾರ್ಗದರ್ಶಿಯಾಗಿದ್ದ ತರುಣಿ, ‘ಮಳೆಯನ್ನು ಕರೆತಂದ ಅತಿಥಿ ಶುಭದ ಅತಿಥಿ’ ಎಂದು ನಕ್ಕಳು. ಮಳೆಯ ದಾರಿ ಕಾಯುವ ಬಯಲುಸೀಮೆಯಲ್ಲಿ ಹುಟ್ಟಿದ ನಮಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಉಲಾನ್‌ಬಾತರ್‌ನಿಂದ ಪಶ್ಚಿಮಕ್ಕೆ ಸುಮಾರು 360 ಕಿಲೋಮೀಟರು ಬಂದರೆ ಒರ್ಖೋನ್ ನದಿಯ ಕಣಿವೆ. ಯುನೆಸ್ಕೋ ಸಂಸ್ಥೆಯು 2004ರಲ್ಲಿ ಈ ಕಣಿವೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿಯೇ ಕಾರಾಕೋರಂ ಎಂಬ ನಗರವಿದ್ದಿತು. 1220ರಲ್ಲಿ ಚಂಗೀಸಖಾನನು ಆಯ್ದ ಸ್ಥಳ. 1235ರಲ್ಲಿ ಅವನ ಮಗ ಒಗೊದೈ ಅದಕ್ಕೆ ಕೋಟೆಯನ್ನು ಕಟ್ಟಿಸಿದನು. ಕೊರಿಯಾದಿಂದ ಯುರೋಪಿನ ಅಂಚಿನವರೆಗೆ ನಡುಕ ಹುಟ್ಟಿಸಿದ ಸಾಮ್ರಾಜ್ಯದ ಆಜ್ಞೆಗಳು ಕೆಲವು ದಶಕಗಳ ಕಾಲ ಹೊರಟದ್ದು ಈ ಹುಲ್ಲುಗಾವಲಿನ ನಡುವಿನಿಂದ. ಆದರೆ ನಗರವೇನೋ ದೊಡ್ಡದಾಗಿರಲಿಲ್ಲ. 1254ರಲ್ಲಿ ಇಲ್ಲಿಗೆ ಬಂದ ವಿಲಿಯಂ ಆಫ್ ರುಬ್ರುಕ್ ಎಂಬ ಕ್ರೈಸ್ತ ಸಂನ್ಯಾಸಿ, ಅರಮನೆಯನ್ನು ಬಿಟ್ಟರೆ ಇದು ತನ್ನ ನಾಡಿನ ಒಂದು ಹಳ್ಳಿಗೂ ಸಾಟಿಯಲ್ಲವೆಂದು ಬರೆದಿಟ್ಟಿದ್ದಾನೆ. ಮಣ್ಣಿನ ಗೋಡೆ, ನಾಲ್ಕು ಬಾಗಿಲು. ಪೂರ್ವದ ಬಾಗಿಲಲ್ಲಿ ನವಣೆ ಮೊದಲಾದ ಧಾನ್ಯ, ಪಶ್ಚಿಮದಲ್ಲಿ ಕುರಿ ಮೇಕೆ, ದಕ್ಷಿಣದಲ್ಲಿ ಎತ್ತು ಬಂಡಿ, ಉತ್ತರದಲ್ಲಿ ಕುದುರೆಗಳ ಮಾರಾಟ. ಪ್ಯಾರಿಸ್ಸಿನಿಂದ ಬಂದಿದ್ದ ಗಿಯೋಮ್ ಬೂಶೆ ಎಂಬ ಅಕ್ಕಸಾಲಿಗನು ಖಾನನ ಅರಮನೆಯೊಳಗೆ ಬೆಳ್ಳಿಯ ಮರವೊಂದನ್ನು ಮಾಡಿದ್ದನಂತೆ. ಅದರ ನಾಲ್ಕು ಕೊಳವೆಗಳಿಂದ ನಾಲ್ಕು ಬಗೆಯ ಪಾನೀಯಗಳು ಸುರಿಯುತ್ತಿದ್ದವಂತೆ.

ನನಗೆ ಬೆಳ್ಳಿಯ ಮರಕ್ಕಿಂತ ಹೆಚ್ಚಿನ ಬೆರಗು ಹುಟ್ಟಿಸಿದ್ದು ಅದೇ ಸಂನ್ಯಾಸಿ ಕೊಡುವ ಇನ್ನೊಂದು ವಿವರ. ಆ ಸಣ್ಣ ಪಟ್ಟಣದಲ್ಲಿ ಬೇರೆ ಬೇರೆ ಜನಾಂಗಗಳ ಹನ್ನೆರಡು ದೇವಾಲಯಗಳು, ಎರಡು ಮಸೀದಿಗಳು, ಒಂದು ಇಗರ್ಜಿ ಇದ್ದವು. 1254ರಲ್ಲಿ ಮೋಂಗ್ಕೆಖಾನನು ಕ್ರೈಸ್ತ, ಮುಸಲ್ಮಾನ, ಬೌದ್ಧ ಪಂಡಿತರನ್ನೆಲ್ಲ ಒಂದೆಡೆ ಕೂಡಿಸಿ ವಾದ ನಡೆಸಿದನು. ಎದುರಾಳಿಯನ್ನು ಹೀನಾಯವಾಗಿ ನುಡಿದವನಿಗೆ ಮರಣದಂಡನೆ ಎಂಬುದು ಆ ಸಭೆಯ ನಿಯಮ! ಮರುದಿನ ಖಾನನು ಆ ಸಂನ್ಯಾಸಿಗೆ, ದೇವರು ಕೈಗೆ ಹಲವು ಬೆರಳುಗಳನ್ನು ಕೊಟ್ಟಂತೆ ಮನುಷ್ಯರಿಗೂ ಹಲವು ದಾರಿಗಳನ್ನು ಕೊಟ್ಟಿದ್ದಾನೆಂಬ ಅರ್ಥದ ಮಾತನ್ನು ಹೇಳಿದನಂತೆ. ಹಾಗೆ ನುಡಿದ ಖಾನನ ತಮ್ಮ ಹುಲಗುವೇ ನಾಲ್ಕು ವರ್ಷಗಳಲ್ಲಿ, 1258ರಲ್ಲಿ, ಬಾಗ್ದಾದನ್ನು ಹಾಳುಗೆಡವಿದನೆಂಬುದನ್ನೂ ಇತಿಹಾಸದ ಮೇಷ್ಟರಾದವರು ಮರೆಯುವಂತಿಲ್ಲ.

ಈಗ ಅಲ್ಲಿ ಏನಿದೆ? ಹುಲ್ಲು. ಖಾನನ ಮತ್ತೊಬ್ಬ ತಮ್ಮ ಕುಬಲೈಖಾನನು ರಾಜಧಾನಿಯನ್ನು ಇಂದಿನ ಬೀಜಿಂಗಿಗೆ ಒಯ್ದನು. 1388ರಲ್ಲಿ ಚೀನದ ಮಿಂಗ್ ಸೈನ್ಯ ಬಂದು ಉಳಿದುದನ್ನು ಕೆಡವಿತು. ನಾವು ಮಳೆಯಲ್ಲಿ ಕೆಸರು ತುಳಿಯುತ್ತ ಹೋಗಿ ನಿಂತದ್ದು ಒಂದು ಕಲ್ಲಿನ ಆಮೆಯ ಮುಂದೆ. ಒಂದು ಕಾಲಕ್ಕೆ ಅದರ ಬೆನ್ನಿನ ಮೇಲೆ ಶಾಸನದ ಕಲ್ಲೊಂದು ನಿಂತಿತ್ತು. ಈಗ ಕಲ್ಲನ್ನು ನಿಲ್ಲಿಸಿದ್ದ ಗುಳಿ ಮಾತ್ರವಿದೆ, ಅದರಲ್ಲಿ ಮಳೆಯ ನೀರು ತುಂಬಿತ್ತು. ಯಾರೋ ಭಕ್ತರು ಅದರ ಕೊರಳಿಗೆ ನೀಲಿ ರೇಷ್ಮೆಯ ವಸ್ತ್ರ ಸುತ್ತಿದ್ದರು. ಈ ವಸ್ತ್ರಕ್ಕೆ ಖದಗ್ ಎನ್ನುತ್ತಾರೆ. ನೆನೆದ ವಸ್ತ್ರದ ಬಣ್ಣ ಆಮೆಯ ಎದೆಯ ಮೇಲೆ ಸಣ್ಣಗೆ ಇಳಿಯುತ್ತಿತ್ತು. ಅಷ್ಟೇ, ಸಾಮ್ರಾಜ್ಯದ ರಾಜಧಾನಿ. ಈ ನೆಲದ ಬಳಿ ಮತ್ತೆ ಹೊಸ ನಗರವೊಂದನ್ನು ಕಟ್ಟುವ ಯೋಜನೆಯನ್ನು ಅಲ್ಲಿನ ಸರಕಾರ 2022ರಲ್ಲಿ ಪ್ರಕಟಿಸಿದೆ.

ಹಾಗಾದರೆ ಹಳೆಯ ನಗರದ ಕಲ್ಲುಗಳು ಎಲ್ಲಿ ಹೋದವು? ಅವು ಬಹಳ ದೂರವೇನೂ ಹೋಗಲಿಲ್ಲ. 1585ರಲ್ಲಿ ಅಬತಾಯ್ ಸೈನ್ ಖಾನನೆಂಬ ದೊರೆ ಇದರ ಪಕ್ಕದಲ್ಲಿಯೇ ಬೌದ್ಧ ವಿಹಾರವೊಂದನ್ನು ಸ್ಥಾಪಿಸಿದನು. ಕಾರಾಕೋರಂ ನಗರದ ಹಾಳುಗಲ್ಲುಗಳನ್ನೇ ಅದಕ್ಕೆ ಬಳಸಿದರು. ಅದರ ಹೆಸರು ಎರ್ದೆನ್ ಜೂ. ‘ಎರ್ದೆನ್’ ಎಂಬ ಮಂಗೋಲಿಯನ್ ಪದ ನಮ್ಮ ‘ರತ್ನ’ ಶಬ್ದವೇ! ಸಂಸ್ಕೃತದಿಂದ ಹೊರಟು ಮಧ್ಯ ಏಷ್ಯದ ವರ್ತಕರ ನಾಲಗೆಗಳನ್ನು ಹಾದು ಈ ರೂಪಕ್ಕೆ ಬಂದು ನಿಂತಿದೆ. ಗ್ರಹಗಳ ಹೆಸರುಗಳೂ ಹಾಗೆಯೇ. ಬುಧ ಅವರಿಗೆ ಬುದ್, ಮಂಗಳ ಅಂಗರಗ್, ಗುರು ಬರ್ಹಸ್ಬದಿ, ಶುಕ್ರ ಸುಗರ್, ಶನಿ ಸಂಚಿರ್. ಮಾರ್ಗದರ್ಶಿಯ ಬಾಯಲ್ಲಿ ‘ಬರ್ಹಸ್ಬದಿ’ಯನ್ನು ಕೇಳಿದಾಗ ನಮ್ಮ ಸಂಸ್ಕೃತದ ಮೇಷ್ಟರು ಮಳೆಯಲ್ಲಿಯೇ ನಿಂತು ಚಪ್ಪಾಳೆ ತಟ್ಟಿದರು.

ವಿಹಾರದ ಸುತ್ತ ಬಿಳಿಯ ಪ್ರಾಕಾರ. ಒಂದೊಂದು ಬದಿಯೂ ಸುಮಾರು 400 ಮೀಟರು ಉದ್ದ. ಪ್ರಾಕಾರದ ಮೇಲೆ 108 ಸ್ತೂಪಗಳು. ಹೊರಗಿನಿಂದ ನೋಡಿದರೆ ಒಳಗೆ ಊರೇ ಇರಬಹುದೆನ್ನಿಸುತ್ತದೆ. ಒಳಗೆ ಕಾಲಿಟ್ಟರೆ ಮತ್ತೆ ಅದೇ ಹುಲ್ಲು. ಅರವತ್ತಕ್ಕೂ ಹೆಚ್ಚು ದೇವಾಲಯಗಳಿದ್ದ ಜಾಗದಲ್ಲಿ ಈಗ ಉಳಿದಿರುವುದು ಕೆಲವೇ ಕಟ್ಟಡಗಳು. 1937ರಿಂದ 1939ರವರೆಗೆ ಅಂದಿನ ಕಮ್ಯುನಿಸ್ಟ್ ಸರಕಾರವು, ಸೋವಿಯತ್ ಒಕ್ಕೂಟದ ಒತ್ತಾಸೆಯಿಂದ, ಚೋಯ್ಬಾಲ್ಸಾನನ ಮುಂದಾಳತ್ವದಲ್ಲಿ ದೇಶದ ಏಳು ನೂರಕ್ಕೂ ಹೆಚ್ಚಿನ ವಿಹಾರಗಳನ್ನು ಕೆಡವಿಸಿತು. ಸುಮಾರು ಹದಿನೇಳು ಸಾವಿರ ಲಾಮಾಗಳನ್ನು ಕೊಲ್ಲಿಸಿತು. 1944ರ ನಂತರ ಇಡೀ ದೇಶದಲ್ಲಿ ಪೂಜೆಗೆ ಅವಕಾಶವಿದ್ದದ್ದು ರಾಜಧಾನಿಯ ಗಂದನ್ ವಿಹಾರವೊಂದರಲ್ಲಿಯೇ. ಎರ್ದೆನ್ ಜೂ ವಸ್ತುಸಂಗ್ರಹಾಲಯವಾಯಿತು. 1990ರ ಪ್ರಜಾಪ್ರಭುತ್ವದ ಚಳವಳಿಯ ತರುವಾಯ ಅದರ ಒಂದು ಭಾಗದಲ್ಲಿ ಮತ್ತೆ ಪಾಠ ಪೂಜೆಗಳು ಆರಂಭವಾದವು.

ಮಠದ ಅನ್ನವುಂಡು ಓದಿದ ಓದುಗರಿಗೆ ನಾನು ವಿಶೇಷವಾಗಿ ಹೇಳಬೇಕಾದ ಸಂಗತಿ ಇಲ್ಲಿಯೇ ಇದೆ. ಪೂಜೆ ನಡೆಯುವ ದೇವಾಲಯದ ಮೆಟ್ಟಿಲ ಮೇಲೆ ಒಬ್ಬ ಲಾಮಾ ಮಳೆಯ ನೀರನ್ನು ಪೊರಕೆಯಿಂದ ತಳ್ಳುತ್ತಿದ್ದರು. ವಯಸ್ಸು ನಲವತ್ತರ ಆಸುಪಾಸು. ನಾವು ಕೊಡೆ ಮಡಿಸುತ್ತ ನಮ್ಮನಮ್ಮಲ್ಲಿ ಏನೋ ಮಾತನಾಡಿಕೊಂಡೆವು. ಪೊರಕೆ ನಿಂತಿತು. ಲಾಮಾ ನಮ್ಮತ್ತ ತಿರುಗಿ, ‘ಊಟ ಆತೇನ್ರಿ?’ ಎಂದರು.

ಓದುಗರೇ, ನಾವು ಆರೂ ಮಂದಿ ಮೂಕರಾಗಿ ನಿಂತೆವು. ಬಳಿಕ ತಿಳಿಯಿತು: ಅವರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ, ಟಿಬೆಟಿಯನ್ ವಸಾಹತಿನ ಡ್ರೆಪುಂಗ್ ಗೋಮಾಂಗ್ ವಿದ್ಯಾಮಠದಲ್ಲಿ, ಒಂಬತ್ತು ವರ್ಷ ಓದಿದವರು. ಶತಮಾನಗಳಿಂದಲೂ ಮಂಗೋಲಿಯಾದ ವಿದ್ಯಾರ್ಥಿಗಳು ಲ್ಹಾಸಾ ಸಮೀಪದ ಡ್ರೆಪುಂಗ್ ಮಠಕ್ಕೆ ಹೋದರೆ ಗೋಮಾಂಗ್ ಶಾಖೆಯಲ್ಲಿಯೇ ಸೇರುವುದು ವಾಡಿಕೆ. ಟಿಬೆಟಿನಿಂದ ಹೊರಬಿದ್ದ ಆ ಮಠ ಮುಂಡಗೋಡದಲ್ಲಿ ನೆಲೆನಿಂತಿತು. ವಿದ್ಯಾರ್ಥಿಗಳು ಅದನ್ನು ಹಿಂಬಾಲಿಸಿ ಬಂದರು. ಕನ್ನಡ ಕಲಿತದ್ದು ಮಠದಲ್ಲಲ್ಲ, ಸಂತೆಯಲ್ಲಿ ಎಂದು ಅವರು ನಗುತ್ತ ಹೇಳಿದರು. ಉಳಿದ ಮಾತು ಹಿಂದಿಯಲ್ಲಿ ನಡೆಯಿತು. ಮಿರ್ಚಿ ಭಜಿಯನ್ನು ನೆನೆದರು. ಆಕಾಶದ ಕಡೆಗೆ ಕೈ ತೋರಿ, ‘ಇದು ಮಳೆಯಲ್ಲ, ಮಳೆಯೆಂದರೆ ಮುಂಡಗೋಡದ ಮಳೆ’ ಎಂದರು.

ಅವರ ಅಜ್ಜಿಯ ಅಣ್ಣ ಲಾಮಾ ಆಗಿದ್ದವರು. 1937ರಲ್ಲಿ ಅವರನ್ನು ಕರೆದೊಯ್ದವರು ಮರಳಿ ಕಳುಹಿಸಲಿಲ್ಲ. ಅವರ ಪೂಜೆಯ ಅಂಗೈಯಗಲದ ಮೂರ್ತಿಯೊಂದನ್ನು ಅಜ್ಜಿ ತನ್ನ ಗುಡಾರದ ಗೋಡೆಯ ಉಣ್ಣೆಯ ಪದರಿನೊಳಗೆ ಹೊಲಿದಿಟ್ಟಳಂತೆ. ಗುಡಾರ ವರ್ಷಕ್ಕೆ ನಾಲ್ಕು ಬಾರಿ ಕಳಚಿ ಬೇರೆಡೆಗೆ ಹೋಗುತ್ತಿತ್ತು. ಹೋದಲ್ಲೆಲ್ಲ ದೇವರೂ ಹೋದರು. ಐವತ್ತಕ್ಕೂ ಹೆಚ್ಚು ವರ್ಷ ಆ ಹೊಲಿಗೆ ಬಿಚ್ಚಲಿಲ್ಲ. 1990ರ ನಂತರ ಬಿಚ್ಚಿದಾಗ ಮೂರ್ತಿಯೇನೋ ಸಿಕ್ಕಿತು. ಅದರ ಮುಂದೆ ಹೇಳಬೇಕಾದ ಪಾಠ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಗೋಡೆ ಬಿದ್ದರೆ ಸುಣ್ಣ ಗಾರೆಗಳಿಂದ ಮತ್ತೆ ಎಬ್ಬಿಸಬಹುದು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬರುವ ಪಾಠ ಎರಡು ತಲೆಮಾರು ನಿಂತುಹೋದರೆ ಅದನ್ನು ಎಲ್ಲಿಂದ ತರುವುದು? ಇವರ ಪಾಲಿಗೆ ಅದು ಮುಂಡಗೋಡದಿಂದ ಬಂದಿತು. 1990ರಿಂದ 2000ದವರೆಗೆ ಅಲ್ಲಿ ಭಾರತದ ರಾಯಭಾರಿಗಳಾಗಿದ್ದ ಲಡಾಖಿನ ಕುಶೋಕ್ ಬಕುಲಾ ರಿಂಪೋಚೆ ಅವರು ಸ್ವತಃ ಬೌದ್ಧಗುರುಗಳು. ಮುರಿದ ಈ ಸರಪಳಿಯನ್ನು ಬೆಸೆಯುವಲ್ಲಿ ಅವರು ಪಟ್ಟ ಶ್ರಮವನ್ನು ಆ ದೇಶದ ಜನ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಮಧ್ಯಾಹ್ನ ಉತ್ತರಕ್ಕೆ ಸುಮಾರು 45 ಕಿಲೋಮೀಟರು ದೂರದ ಖೋಶೂ ತ್ಸೈದಾಮಿಗೆ ಹೋದೆವು. ಕುಲ್ ತೆಗಿನ್ ಮತ್ತು ಬಿಲ್ಗೆ ಖಾಗಾನ್ ಎಂಬ ತುರ್ಕಿ ಸೋದರರ ಸ್ಮಾರಕ ಶಾಸನಗಳು ಅಲ್ಲಿವೆ, ಕಾಲ ಕ್ರಿ.ಶ. 732 ಮತ್ತು 735. 1889ರಲ್ಲಿ ರಷ್ಯದ ಯಾದ್ರಿಂತ್ಸೆವ್ ಇವುಗಳನ್ನು ಲೋಕದ ಗಮನಕ್ಕೆ ತಂದನು. 1893ರಲ್ಲಿ ಡೆನ್ಮಾರ್ಕಿನ ಥಾಮ್ಸನ್ ಆ ಲಿಪಿಯನ್ನು ಓದಿದನು. ನೆರೆಯ ಚೀನದ ಸವಿಮಾತಿಗೂ ನುಣುಪಾದ ರೇಷ್ಮೆಗೂ ಮರುಳಾದರೆ ಕೆಡುತ್ತೀರೆಂದು ದೊರೆ ತನ್ನ ಜನಕ್ಕೆ ಹೇಳುವ ಎಚ್ಚರಿಕೆ ಅದರಲ್ಲಿದೆ. ಶಾಸನದ ಒಂದು ಮುಖದಲ್ಲಿ ಚೀನೀ ಬರಹವೇ ಇದೆ ಎಂಬುದು ಇನ್ನೊಂದು ಸ್ವಾರಸ್ಯ. ಈಗ ಕಲ್ಲುಗಳನ್ನು ಕಟ್ಟಡದೊಳಗೆ ನಿಲ್ಲಿಸಿದ್ದಾರೆ. ಶಾಸನಗಳನ್ನು ನೋಡುವ ಉತ್ಸಾಹ ನನಗಿದ್ದಷ್ಟು ಜೊತೆಯವರಿಗಿರಲಿಲ್ಲ. ಎಲ್ಲರ ಕಾಲುಚೀಲಗಳೂ ನೆನೆದಿದ್ದವು.

ಸಂಜೆ ಹೊತ್ತಿಗೆ ಹೆದ್ದಾರಿ ಬಿಟ್ಟು ಹುಲ್ಲಿನ ಮೇಲಿನ ಜಾಡು ಹಿಡಿದೆವು. ರಷ್ಯದ ಹಳೆಯ ವ್ಯಾನು ಎರಡು ಕಡೆ ಕೆಸರಿನಲ್ಲಿ ಕುಸಿಯಿತು, ಇಳಿದು ನೂಕಿದೆವು. ಕೊನೆಗೆ ಗುಡ್ಡದ ತಪ್ಪಲಲ್ಲಿ ಮೂರು ಬಿಳಿಯ ಗುಡಾರಗಳು ಕಂಡವು. ಇವಕ್ಕೆ ಮಂಗೋಲರು ‘ಗೆರ್’ ಎನ್ನುತ್ತಾರೆ. ಅವರ ಭಾಷೆಯಲ್ಲಿ ಮನೆ ಎಂದರೂ ಗೆರ್ ಎಂದೇ. ಒಂದರಲ್ಲಿ ಕುರಿಗಾಹಿ ದಂಪತಿಗಳ ವಾಸ, ಉಳಿದೆರಡು ಅತಿಥಿಗಳಿಗೆ.

ಗೆರ್ ಕಟ್ಟುವ ವಿದ್ಯೆಯನ್ನು ಯುನೆಸ್ಕೋ 2013ರಲ್ಲಿ ಮಾನವಕುಲದ ಪರಂಪರೆಯೆಂದು ಮಾನ್ಯ ಮಾಡಿತು. ಅದರ ರಚನೆಯನ್ನು ತಾವು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಸುತ್ತಲೂ ಮರದ ಪಟ್ಟಿಗಳ ಜಾಲರಿ. ಅದನ್ನು ಹಿಗ್ಗಿಸಬಹುದು, ಮಡಿಸಬಹುದು. ನಡುವೆ ಎರಡು ಕಂಬ. ಅವುಗಳ ಮೇಲೆ ಗಾಲಿಯಂತಹ ದುಂಡನೆಯ ಚೌಕಟ್ಟು, ಇದು ‘ತೂನೊ’. ಕೊಡೆಯ ಕಡ್ಡಿಗಳಂತೆ ತೂನೊದಿಂದ ಜಾಲರಿಯವರೆಗೆ ಇಳಿಯುವ ಬಣ್ಣದ ಗಳುಗಳು. ಎಲ್ಲದರ ಮೇಲೆ ದಪ್ಪನೆಯ ಉಣ್ಣೆಯ ಹೊದಿಕೆ. ನಮ್ಮ ಹಾಲುಮತದವರು ಉಣ್ಣೆಯನ್ನು ನೂತು ಕಂಬಳಿ ನೇಯುತ್ತಾರೆ, ಇವರು ನೇಯುವುದಿಲ್ಲ. ಉಣ್ಣೆಯನ್ನು ಬಡಿದು, ಹರಡಿ, ನೀರು ಚಿಮುಕಿಸಿ, ಸುರುಳಿ ಸುತ್ತಿ, ಆ ಸುರುಳಿಯನ್ನು ಕುದುರೆಯ ಹಿಂದೆ ಕಟ್ಟಿ ಬಯಲಿನಲ್ಲಿ ಉರುಳಿಸುತ್ತಾರೆ. ಎಳೆಗಳು ಒಂದಕ್ಕೊಂದು ಬಿಗಿದು ಹೊದಿಕೆಯಾಗುತ್ತದೆ. ಒಂದು ಮೊಳೆಯಿಲ್ಲದೆ ಒಂದೆರಡು ತಾಸಿನಲ್ಲಿ ಮನೆ ಎದ್ದು ನಿಲ್ಲುತ್ತದೆ.

ಬಾಗಿಲು ಯಾವಾಗಲೂ ದಕ್ಷಿಣಕ್ಕೆ. ಹೊಸ್ತಿಲನ್ನು ತುಳಿಯಬಾರದು, ಎರಡು ಕಂಬಗಳ ನಡುವೆ ಹಾಯಬಾರದು, ಒಲೆಯ ಬೆಂಕಿಗೆ ಕಸ ಹಾಕಬಾರದು. ಹೊಸ್ತಿಲಿನ ಮಾತು ನಮ್ಮ ಮನೆಯದೇ. ನಮ್ಮ ತಾಯಂದಿರಿಂದ ಆ ಪೆಟ್ಟು ತಿನ್ನದವರು ಯಾರು! ಒಳಗೆ ಹೋದರೆ ಪಶ್ಚಿಮ ಬದಿ ಅತಿಥಿಗಳಿಗೆ, ಪೂರ್ವ ಬದಿ ಮನೆಯೊಡತಿಗೆ ಮತ್ತು ಅಡಿಗೆಗೆ, ಬಾಗಿಲಿನೆದುರಿನ ಉತ್ತರ ಭಾಗ ದೇವರಿಗೆ ಮತ್ತು ಹಿರಿಯರಿಗೆ. ನಡುವೆ ಕಬ್ಬಿಣದ ಒಲೆ. ಉರುವಲು ಯಾವುದೆಂದುಕೊಂಡಿರಿ? ಕುಳ್ಳು! ನಮ್ಮವರಂತೆ ತಟ್ಟುವುದಿಲ್ಲ, ಬಯಲಿನಲ್ಲಿ ತಾನಾಗಿ ಒಣಗಿದುದನ್ನು ಆಯ್ದು ತಂದು ಮಳೆಗೆ ಮುನ್ನ ಮುಚ್ಚಿಡುತ್ತಾರೆ. ಆ ಹೊಗೆಯ ವಾಸನೆಗೆ ನನಗೆ ಒಮ್ಮೆಲೇ ಹಸಿವೆಯಾಯಿತು.

ಮನೆಯ ಯಜಮಾನರು ನಶ್ಯದ ಬುರುಡೆಯನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಮೊಣಕೈಗೆ ಆನಿಸಿ ನಮ್ಮತ್ತ ನೀಡಿದರು. ಮೂಸಿ ಮರಳಿಸುವುದು ಮರ್ಯಾದೆ. ಅನಂತರ ಉಪ್ಪು ಹಾಕಿದ ಹಾಲಿನ ಚಹ, ಒಣಗಿಸಿದ ಮೊಸರಿನ ಬಿಲ್ಲೆ, ದಪ್ಪ ಕೆನೆ. ಆಮೇಲೆ ದೊಡ್ಡ ಬಟ್ಟಲಿನಲ್ಲಿ ಐರಗ್ ಬಂದಿತು. ಅದು ಹುದುಗಿಸಿದ ಕುದುರೆಯ ಹಾಲು. ಅಲ್ಪ ಪ್ರಮಾಣದಲ್ಲಿ ಮದ್ಯಾಂಶವುಳ್ಳದ್ದು. ಮನೆಗೆ ಬಂದವರಿಗೆ ಅದನ್ನು ಕೊಡದಿರುವುದು ಅವರಿಗೆ ಅವಮಾನ. ಅದನ್ನು ಕುಡಿಯುವುದು ನನ್ನ ವ್ರತಕ್ಕೆ ಸಲ್ಲದು. ಬಟ್ಟಲು ಹಿಡಿದ ಆ ತಾಯಿಯ ಕೈ ಚಾಚಿಯೇ ಇತ್ತು. ನಾನು ಎರಡೂ ಕೈಗಳಿಂದ ಅದನ್ನು ತೆಗೆದುಕೊಂಡು, ಹಣೆಗೊತ್ತಿಕೊಂಡು, ತುಟಿಯ ಬಳಿಗೆ ಒಯ್ದು ಮರಳಿ ಕೊಟ್ಟೆ. ಅವರ ಮುಖದಲ್ಲಿ ಬೇಸರ ಕಾಣಲಿಲ್ಲ. ಅಷ್ಟು ಮಾಡಿದರೂ ಸ್ವೀಕರಿಸಿದಂತೆಯೇ ಎಂಬುದು ಅಲ್ಲಿನ ರೂಢಿ ಎಂದು ಮಾರ್ಗದರ್ಶಿ ಹೇಳಿದಳು. ನಾವು ಮಾಂಸ ತಿನ್ನುವುದಿಲ್ಲವೆಂದು ಅವಳು ತಿಳಿಸಿದಾಗ ಮಾತ್ರ ಆ ತಾಯಿ ನಮ್ಮನ್ನು ಕನಿಕರದಿಂದ ನೋಡಿ, ಬೇರೆ ಪಾತ್ರೆಯನ್ನು ತೊಳೆದು ಅಕ್ಕಿಯನ್ನು ಹಾಲಿನಲ್ಲಿ ಬೇಯಿಸಿ, ಆಲೂಗಡ್ಡೆ ಸುಟ್ಟುಕೊಟ್ಟರು.

ಮಳೆ ಜೋರಾಯಿತು. ಅವರು ಹೊರಗೆ ಹೋಗಿ ಹಗ್ಗವೊಂದನ್ನು ಎಳೆದರು. ತೂನೊದ ಮೇಲೆ ಮುಸುಕು ಸರಿದು ಒಳಗೆ ಕತ್ತಲಾಯಿತು. ಹಂಚಿನ ಮೇಲೆ, ತಗಡಿನ ಮೇಲೆ ಬೀಳುವ ಮಳೆಯನ್ನು ಬಲ್ಲ ನಮಗೆ ಉಣ್ಣೆಯ ಮೇಲೆ ಬೀಳುವ ಮಳೆಯ ಸದ್ದು ಹೊಸದು. ಯಾರೋ ದೂರದಲ್ಲಿ ಕಾಳು ಕೇರಿದಂತೆ ಮಂದವಾಗಿ ಕೇಳುತ್ತದೆ.

ಆ ಮಂದ ಸದ್ದಿನಲ್ಲಿ ಅವರ ಮಾತು ಹೊರಬಂದಿತು. ಹಿಂದಿನ ಚಳಿಗಾಲದಲ್ಲಿ ಅವರ ಮುನ್ನೂರು ಪ್ರಾಣಿಗಳಲ್ಲಿ ಉಳಿದದ್ದು ತೊಂಬತ್ತು. ‘ಜುದ್’ ಎಂಬುದು ಆ ದೇಶದ ಮಹಾಮಾರಿ. ಹಿಮ ಅತಿಯಾಗಿ ಬಿದ್ದು ಹುಲ್ಲು ಮುಚ್ಚಿದರೆ ಬಿಳಿಯ ಜುದ್. ಹಿಮವೇ ಬೀಳದೆ ಕುಡಿಯಲು ನೀರಿಲ್ಲದಾದರೆ ಕರಿಯ ಜುದ್. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ನೆಲವೇ ಗಾಜಾದರೆ ಕಬ್ಬಿಣದ ಜುದ್. 2023-24ರ ಚಳಿಗಾಲದಲ್ಲಿ ದೇಶದಲ್ಲಿ 70 ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ನಿಂತ ನಿಲುವಿನಲ್ಲಿಯೇ ಕುರಿಗಳು ಸೆಟೆದಿದ್ದವೆಂದು ಆ ತಾಯಿ ಹೇಳುವಾಗ ಯಜಮಾನರು ಒಲೆಗೆ ಕುಳ್ಳು ಹಾಕುತ್ತ ತಲೆ ಎತ್ತಲಿಲ್ಲ. ಅವರ ಒಬ್ಬನೇ ಮಗ ಉಲಾನ್‌ಬಾತರ್ ಸೇರಿ ಬಾಡಿಗೆ ಕಾರು ಓಡಿಸುತ್ತಾನೆ. ಆ ನಗರದ ಸುತ್ತಣ ಗುಡ್ಡಗಳ ಮೇಲೆ ಹೀಗೆ ಬಂದವರ ಗೆರ್‌ಗಳೇ ಸಾವಿರಾರು. ಚಳಿಗಾಲದಲ್ಲಿ ಅವುಗಳ ಕಲ್ಲಿದ್ದಲಿನ ಹೊಗೆ ಊರನ್ನೇ ಮುಚ್ಚುತ್ತದೆ. ಉಳಿದ ತೊಂಬತ್ತನ್ನೂ ಚಳಿಗೆ ಮುನ್ನ ಮಾರಿ ಬಂದುಬಿಡಿರೆಂದು ಮಗ ಹೇಳುತ್ತಿದ್ದಾನೆ. ತಾಯಿಗೆ ಹೋಗುವ ಮನಸ್ಸು, ತಂದೆಗೆ ಇಲ್ಲ.

ಸ್ಥಾವರ, ಜಂಗಮ ಎಂಬ ಎರಡು ಮಾತುಗಳು ಇಷ್ಟು ಹೊತ್ತಿಗೆ ತಮಗೆ ಹೊಳೆದಿರಬೇಕು. ಆ ಕತ್ತಲಲ್ಲಿ ನನಗೂ ಹೊಳೆದವು. ಕಲ್ಲಿನ ರಾಜಧಾನಿ ಅಳಿಯಿತು, ಉಣ್ಣೆಯ ಮನೆ ಉಳಿಯಿತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ನಾನು ಕುಳಿತಿದ್ದ ಉಣ್ಣೆಯ ಮನೆಯೇ ನಿಲ್ಲುವುದೋ ಹೋಗುವುದೋ ಎಂದು ತೂಗಾಡುತ್ತಿತ್ತು. ಚಲಿಸುವವನಿಗೆ ಚಲಿಸಲು ಹುಲ್ಲಿರಬೇಕು. ಕಾಶ್ಮೀರಿ ಉಣ್ಣೆಗೆ ಬೆಲೆ ಬಂದಂತೆ 1990ರ ನಂತರ ಮೇಕೆಗಳು ವಿಪರೀತ ಹೆಚ್ಚಿದವು, ಮೇಕೆ ಹುಲ್ಲನ್ನು ಬುಡಸಹಿತ ಕೀಳುತ್ತದೆ, ನೆಲ ಬರಿದಾಗುತ್ತದೆ. ಬೇಸಿಗೆಯಲ್ಲಿ ಮೇಯದ ಪ್ರಾಣಿ ಜುದ್ ಬಂದಾಗ ಮೊದಲು ಬೀಳುತ್ತದೆ.

‘ನಿಮ್ಮ ಮಕ್ಕಳು ನಿಮ್ಮ ಜೊತೆಗಿದ್ದಾರೆಯೇ?’ ಎಂದು ಆ ತಾಯಿ ನನ್ನನ್ನು ಕೇಳಿದರು. ಒಬ್ಬನು ಬೆಂಗಳೂರಿನಲ್ಲಿ, ಮಗಳು ಪರದೇಶದಲ್ಲಿ, ಹಳ್ಳಿಯ ಮನೆಗೆ ಬೀಗ ಹಾಕಿದೆ ಎಂದೆ. ಬೀಗ ಎಂಬುದನ್ನು ಮಾರ್ಗದರ್ಶಿ ತರ್ಜುಮೆ ಮಾಡಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, ‘ನಿಮ್ಮ ಮನೆ ಅಲ್ಲೇ ಇರುತ್ತದೆಯಲ್ಲ, ನಮ್ಮದನ್ನು ಮಡಿಸಿದರೆ ಜಾಗವೂ ತಿಳಿಯುವುದಿಲ್ಲ’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಹಾಸಿಗೆಯ ಬಳಿ ಅವರು ಇನ್ನೊಂದು ಬುಟ್ಟಿ ಕುಳ್ಳು ತಂದಿಟ್ಟು ಹೋದರು. ರಾತ್ರಿ ಎರಡು ಬಾರಿ ಯಾರೋ ಸದ್ದಾಗದಂತೆ ಬಾಗಿಲು ತೆರೆದು ಒಲೆಗೆ ಬೆಂಕಿ ಕೂಡಿಸಿದ್ದು ಎಚ್ಚರ ನಿದ್ರೆಗಳ ನಡುವೆ ನನಗೆ ತಿಳಿಯಿತು.

ಬೆಳಗಿನ ಜಾವ ಮಳೆ ನಿಂತಿತು. ಯಜಮಾನರು ಕುದುರೆ ಏರಿ ಗುಡ್ಡದ ಆಚೆಗಿದ್ದ ಕುರಿಗಳನ್ನು ಅರಸುತ್ತ ಆಗಲೇ ಹೋಗಿದ್ದರು. ಒದ್ದೆ ಹುಲ್ಲಿನ ಮೇಲೆ ಗೊರಸಿನ ಗುರುತುಗಳಿದ್ದವು. ನಾವು ವ್ಯಾನು ಹತ್ತಿದ ಮೇಲೆ ಆ ತಾಯಿ ಬೋಗುಣಿಯಲ್ಲಿ ಹಾಲು ತಂದು, ಮರದ ಸೌಟಿನಿಂದ ಅದನ್ನು ನಾವು ಹೋಗುವ ದಿಕ್ಕಿಗೆ ಎರಚಿದರು. ಹಿಂಬದಿಯ ಗಾಜಿಗೂ ನಾಲ್ಕು ಹನಿ ಬಿದ್ದವು. ಅದನ್ನು ಒರೆಸಲು ಹೋದ ನಮ್ಮಲ್ಲೊಬ್ಬರ ಕೈಯನ್ನು ಚಾಲಕನು ಹಿಡಿದು, ಬೇಡವೆಂದು ತಲೆಯಾಡಿಸಿದನು.